ನನ್ನ ಬದಿಯ ಬ್ರೇಕು

ಮಾರ್ಚ್ 4, ಸೋಮವಾರ. ಬೆಳಗ್ಗೆ 6.10

ಹೊಸ ಪುಸ್ತಕ. ಮೊದಲ ಪುಟದಲ್ಲಿ ಯಾರದೆಂದು ಬರೆಯುವುದು ವಾಡಿಕೆ. ಬರೆಯುತ್ತೇನೆ. ವಯಸ್ಸು ಅರವತ್ತಮೂರು. ಹೈಸ್ಕೂಲು ಪಾಸು. ಗಂಡ ತೀರಿಕೊಂಡ ವರ್ಷವೇ ಅವರ ಹಳೆ ಕಾರಿಗೆ ಕಲಿಸುವವರ ಬದಿಯಲ್ಲಿ ಎರಡನೇ ಬ್ರೇಕು ಹಾಕಿಸಿ ಡ್ರೈವಿಂಗ್ ಸ್ಕೂಲು ತೆರೆದವಳು. ಮೂವತ್ತೊಂದು ವರ್ಷವಾಯಿತು. ಈ ಊರಿನ ಜಡ್ಜು, ಹೆರಿಗೆ ವಾರ್ಡಿನ ನರ್ಸು, ಕಸದ ಲಾರಿಯವನು, ಎಲ್ಲರೂ ನನ್ನ ಪಕ್ಕದ ಸೀಟಿನಲ್ಲಿ ಬೈಸಿಕೊಂಡವರು. ಮನೆಯಲ್ಲಿ ಮಗ, ಸೊಸೆ, ಮೊಮ್ಮಗಳು. ಮಗನಿಗೆ ಗ್ಯಾರೇಜು. ಸೊಸೆ ಸ್ಕೂಲಿನ ಆಫೀಸು ನೋಡಿಕೊಳ್ಳುತ್ತಾಳೆ. ಕೊನೆಯ ಮಾತು ಯಾವಾಗಲೂ ನನ್ನದು.

ಹೊಸಬರು ಮೊದಲ ದಿನ ಕೀಲಿ ತಿರುಗಿಸುವ ಮುಂಚೆ ಒಂದು ಮಾತು ಹೇಳುತ್ತೇನೆ. "ನೀವು ಮರೆತರೂ ನನ್ನ ಕಾಲು ಮರೆಯುವುದಿಲ್ಲ." ಅಷ್ಟು ಸಾಕು, ಭುಜ ಇಳಿಯುತ್ತದೆ, ಉಸಿರು ಬರುತ್ತದೆ.

ಏಳಕ್ಕೆ ಔಷಧಿ ಅಂಗಡಿಯವನ ಕ್ಲಾಸು. ಒಂಬತ್ತನೆಯದು. ಸ್ಟೀರಿಂಗನ್ನು ಒಡೆದುಹೋಗುವ ಸೀಸೆಯ ಹಾಗೆ ಹಿಡಿಯುತ್ತಾನೆ. ಶೂ ಹಾಕಿಕೊಳ್ಳಬೇಕು.

ಮಾರ್ಚ್ 6, ಬುಧವಾರ. ಮಧ್ಯಾಹ್ನ

ಬರೆಯಬೇಕೋ ಬೇಡವೋ... ಬರೆಯುತ್ತೇನೆ. ಇದನ್ನು ಓದುವವರಿಲ್ಲ.

ಬೆಳಗ್ಗೆ 7.20. ಶಾಲೆಯ ಮುಂದಿನ ರಸ್ತೆ. ಹಾಲಿನ ವ್ಯಾನು ಇಂಡಿಕೇಟರ್ ಹಾಕಿಕೊಂಡು ನಿಂತಿತ್ತು. ಅದರ ಹಿಂದಿನಿಂದ ಒಬ್ಬಳು ಮಗುವಿನ ಗಾಡಿ ತಳ್ಳಿಕೊಂಡು ರಸ್ತೆಗೆ ಇಳಿದಳು. ಔಷಧಿ ಅಂಗಡಿಯವನಿಗಿಂತ ಮೊದಲು ನನಗೆ ಕಂಡಿತು. ಕಾಲಿಗೆ ಹೇಳಿದೆ. ಮನೆಯಲ್ಲಿ ನನ್ನ ಮಾತು ಕೇಳದವರಿಲ್ಲ. ಕಾಲು ಕೇಳಲಿಲ್ಲ.

ಕೂಗಲು ಹೋದೆ. ಬಾಯಿಯೂ ಇಲ್ಲ. ಬಲಗೈ ತೊಡೆಯ ಮೇಲೆ ಬೇರೆ ಯಾರದೋ ಕೈಯಂತೆ ಬಿದ್ದಿತ್ತು. ಎಲ್ಲ ಕಾಣುತ್ತಿತ್ತು. ಗಾಡಿಯ ನೀಲಿ ಹೊದಿಕೆ, ಅವಳ ತೆರೆದ ಬಾಯಿ. ಒಳಗೆ ನಾನು ಪೂರ್ತಿ ಎಚ್ಚರ. ಬಾಗಿಲು ಮಾತ್ರ ಯಾರೋ ಹೊರಗಿನಿಂದ ಹಾಕಿದ ಹಾಗೆ.

ಅವನೇ ಒತ್ತಿದ. ಕಾರು ಮೂರು ಅಡಿ ಈಚೆ ನಿಂತಿತು. ಅವಳು ಬೈದು ಹೋದಳು. ನಾನು ಹಾಲಿನ ವ್ಯಾನಿನ ಇಂಡಿಕೇಟರ್ ಎಣಿಸಿದೆ, ಬೇರೆ ಏನೂ ಮಾಡಲಾಗದ್ದರಿಂದ. ಇಪ್ಪತ್ತೆರಡು ಸಲ ಮಿನುಗಿತು. ಆಮೇಲೆ ಕರೆಂಟು ಬಂದಂತೆ ಎಲ್ಲ ವಾಪಸು.

ಅವನು ನನ್ನ ಕಡೆ ತಿರುಗಿದ. ಬೆವರಿದ್ದ, ನಗುತ್ತಲೂ ಇದ್ದ. "ಮೇಡಂ, ನೀವು ಒತ್ಲೇ ಇಲ್ಲ. ಬೇಕು ಅಂತಾನೇ ನನ್ನ ಮೇಲೆ ಬಿಟ್ರಿ, ಅಲ್ವಾ?"

"ಹೂಂ" ಎಂದೆ.

ಒಂದೇ ಒಂದು ಹೂಂ. ಲಾಗ್ ಬುಕ್ಕಿನಲ್ಲಿ ಪ್ರತಿ ಕ್ಲಾಸಿಗೂ 'ನನ್ನ ಬ್ರೇಕು' ಎಂದು ಒಂದು ಕಾಲಂ ಇದೆ. ನಾನು ಎಷ್ಟು ಸಲ ಒತ್ತಬೇಕಾಯಿತು ಎಂದು ಬರೆಯುವುದು. ಇವತ್ತು ಸೊನ್ನೆ ಬರೆದೆ. ಸುಳ್ಳಲ್ಲ.

ಮಾರ್ಚ್ 8, ಶುಕ್ರವಾರ

ಔಷಧಿ ಅಂಗಡಿಯವನು ಬಂದವರಿಗೆಲ್ಲ ಮಾತ್ರೆಯ ಜೊತೆ ಈ ಕಥೆಯನ್ನೂ ಕೊಡುತ್ತಿದ್ದಾನೆ. ಮೇಡಂ ಗುಂಡಿಗೆ ಎಂಥದು, ಮಗು ಅಡ್ಡ ಬಂದರೂ ಕಾಲು ಅಲ್ಲಾಡಿಸಲಿಲ್ಲ, ಶಿಷ್ಯನ ಮೇಲೆ ನಂಬಿಕೆ... ಇಬ್ಬರು ಹೊಸದಾಗಿ ಸೇರಿದರು. ಒಬ್ಬಳು ಟೈಲರು. ನಿಮ್ಮ ಪದ್ಧತಿಯಲ್ಲೇ ಕಲಿಸಿ ಎಂದಳು. ನನಗೊಂದು ಪದ್ಧತಿ ಇದೆಯೆಂದು ನನಗೇ ಈಗ ಗೊತ್ತಾಗಿದ್ದು.

ನಿದ್ದೆ ಸರಿಯಾಗಿ ಆಗಿರಲಿಲ್ಲ, ಅಷ್ಟೆ. ಖಾಲಿ ಹೊಟ್ಟೆ ಬೇರೆ.

ಮಾರ್ಚ್ 12, ಮಂಗಳವಾರ

ಮತ್ತೆ. ಊಟದ ಮೇಜಿನಲ್ಲಿ, ಬೆಳಗ್ಗೆ. ಕೈಯಲ್ಲಿ ಚಹಾ. ಕಪ್ಪು ನಿಧಾನಕ್ಕೆ ವಾಲಿತು. ಚಹಾ ಪೇಪರಿನ ಮೇಲೆ ಹರಿದು, ಅಂಚಿನಿಂದ ನನ್ನ ತೊಡೆಯ ಮೇಲೆ ಬಿತ್ತು. ನೋಡುತ್ತ ಕೂತಿದ್ದೆ.

ಸೊಸೆ ಎದುರಿಗಿದ್ದಳು. ಚೀರುವವಳಲ್ಲ ಅವಳು. ಎದ್ದು ಬಂದು ಕಪ್ಪು ತೆಗೆದಳು, ನನ್ನ ಬಲಗೈಯನ್ನು ತನ್ನ ಕೈಯಲ್ಲಿ ಇಟ್ಟುಕೊಂಡಳು. ವಾಪಸು ಬಂದ ಮೇಲೆ ಬಿಡಿಸಿಕೊಂಡೆ.

"ಏನಾಯ್ತು ಅತ್ತೆ?"

"ಯೋಚನೆ ಮಾಡ್ತಿದ್ದೆ."

"ಬಿಸಿ ಚಹಾ ಮೈಮೇಲೆ ಬಿದ್ರೂ ಬಿಡದೇ ಇರೋ ಯೋಚನೆನಾ?"

"ನಿನ್ನದೇ ಯೋಚನೆ. ಪೇಪರ್ ಒರೆಸು."

ಅವಳು ಪೇಪರ್ ಒರೆಸಲಿಲ್ಲ. ಮಗನಿಗೆ ಫೋನು ಮಾಡಿದಳು.

ಮಾರ್ಚ್ 15, ಶುಕ್ರವಾರ

ನರದ ಡಾಕ್ಟರು. ನನ್ನ ಮೊಮ್ಮಗಳಿಗಿಂತ ನಾಲ್ಕು ದಿನ ದೊಡ್ಡವಳಿರಬೇಕು. ಮೂಗು ಮುಟ್ಟಿ, ನನ್ನ ಬೆರಳು ಮುಟ್ಟಿ, ಗೆರೆಯ ಮೇಲೆ ನಡೀರಿ ಎಂದಳು. ನಾನು ಜನರಿಗೆ ಗೆರೆಯ ಮೇಲೆ ಓಡಿಸಲು ಕಲಿಸಿದವಳು. ನಡೆದು ತೋರಿಸಿದೆ. ತಲೆಗೆ ಅಂಟು ಹಚ್ಚಿ ವೈರು ಸಿಕ್ಕಿಸಿದರು. ಆಮೇಲೆ ಕೊಳವೆಯೊಳಗೆ ಮಲಗಿಸಿ, ಅಲ್ಲಾಡಬೇಡಿ ಎಂದರು. ನಗು ಬಂತು. ಅಲ್ಲಾಡದಿರುವುದನ್ನು ನನಗೆ ಹೇಳಿಕೊಡಬೇಕಾಗಿಲ್ಲ.

ಆದರೆ ಕೊಳವೆಯ ಮೇಲ್ಭಾಗ ಮೂಗಿನ ಹತ್ತಿರ ಬಂದಾಗ... ಸಾಕು.

ಮಾರ್ಚ್ 21, ಗುರುವಾರ

ರಿಪೋರ್ಟು ಬಂತು. ಸೊಸೆಯನ್ನು ಹೊರಗೆ ಕೂರಿಸಿ ಒಬ್ಬಳೇ ಒಳಗೆ ಹೋದೆ.

"ಮಿದುಳಲ್ಲಿ ಏನೂ ಕಾಣ್ತಿಲ್ಲ" ಎಂದಳು ಡಾಕ್ಟರು.

"ಹಾಗಾದ್ರೆ ಏನೂ ಇಲ್ಲ."

"ಕಾಣ್ತಿಲ್ಲ ಅಂದೆ. ಇಲ್ಲ ಅನ್ನಲಿಲ್ಲ. ಯಾಕೆ ಹೀಗಾಗ್ತಿದೆ ಅಂತ ನನಗೂ ಗೊತ್ತಾಗ್ತಿಲ್ಲ ಅಮ್ಮ. ಮತ್ತೆ ಆಗಬಹುದು, ಆಗದೇನೂ ಇರಬಹುದು."

ಗೊತ್ತಿಲ್ಲ ಎನ್ನುವ ಡಾಕ್ಟರನ್ನು ಮೊದಲ ಸಲ ನೋಡಿದೆ. ಗಡ್ಡೆ ಎಂದಿದ್ದರೆ ತೆಗೆಸುತ್ತಿದ್ದೆ. ರಕ್ತ ಎಂದಿದ್ದರೆ ಮಾತ್ರೆ ನುಂಗುತ್ತಿದ್ದೆ. ಗೊತ್ತಿಲ್ಲ ಎನ್ನುವುದಕ್ಕೆ ಏನು ನುಂಗಲಿ?

"ಕಾರು ಓಡಿಸ್ತೀರಾ?" ಎಂದು ಕೇಳಿದಳು.

"ಇಲ್ಲ."

"ಒಳ್ಳೇದು. ಆರು ತಿಂಗಳು ಸ್ಟೀರಿಂಗ್ ಮುಟ್ಟಬೇಡಿ."

ನಾನು ಓಡಿಸುವುದಿಲ್ಲ. ಓಡಿಸುವವರ ಪಕ್ಕ ಕೂರುತ್ತೇನೆ. ಅವಳು ಅದನ್ನು ಕೇಳಲಿಲ್ಲ, ನಾನು ಹೇಳಲಿಲ್ಲ. ಹೊರಗೆ ಬಂದು ಸೊಸೆಗೆ "ಏನೂ ಇಲ್ಲವಂತೆ, ನಡಿ" ಎಂದೆ.

ಮಾರ್ಚ್ 24, ಭಾನುವಾರ

ಏನೂ ಇಲ್ಲವಂತೆ ಎಂದರೂ ಇವರು ನಂಬಿಲ್ಲ. ಮಗ ಸ್ಕ್ರೂಡ್ರೈವರ್ ತಂದು ಬಚ್ಚಲಮನೆಯ ಒಳಚಿಲಕ ಬಿಚ್ಚಿದ. "ಎರಡು ತಿಂಗಳ ಮಟ್ಟಿಗಮ್ಮ." ನಾನೇ ದುಡಿದು ಕಟ್ಟಿಸಿದ ಬಚ್ಚಲಮನೆ. ಈಗ ಸ್ನಾನ ಮಾಡುವಾಗ ಮೊಮ್ಮಗಳು ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕೂತು ಎರಡು ನಿಮಿಷಕ್ಕೊಮ್ಮೆ "ಅಜ್ಜೀ" ಎನ್ನುತ್ತಾಳೆ. "ಇದೀನಿ" ಎನ್ನಬೇಕು. ಹೇಳದಿದ್ದರೆ ಬಾಗಿಲು ತೆರೆಯುತ್ತಾಳೆ. ಮೆಟ್ಟಿಲು ಹತ್ತಿದರೆ ಹಿಂದೆ ಸೊಸೆ. ಇಳಿದರೆ ಮುಂದೆ ಸೊಸೆ. ಬೈದೆ. "ಬೈರಿ ಅತ್ತೆ, ನೀವು ಬೈತಿದ್ರೆ ನನಗೆ ನೆಮ್ಮದಿ" ಎಂದಳು.

ಕಾರಿನಲ್ಲಿ ಮಾತ್ರ ಹಿಂದೆ ಮುಂದೆ ಯಾರೂ ಇರುವುದಿಲ್ಲ. ಅಲ್ಲಿಗೆ ಹೋಗಲೇ ನನಗೆ ಈಗ ಭಯ.

ಮಾರ್ಚ್ 28, ಗುರುವಾರ

ಟೈಲರ್ ಹೆಂಗಸಿನ ಕ್ಲಾಸು. ಪಾರಿವಾಳಕ್ಕೆ ಒಂದು ಸಲ ಒತ್ತಿದೆ. ನೆರಳಿಗೆ ಒಂದು ಸಲ. ಗಾಳಿಗೆ ಹಾರಿದ ಪ್ಲಾಸ್ಟಿಕ್ ಚೀಲಕ್ಕೆ ಒಂದು ಸಲ. ಪ್ರತಿ ತಿರುವಿಗೂ ಕಾಲು ಇದೆಯೋ ಇಲ್ಲವೋ ಎಂದು ಒತ್ತಿ ನೋಡುತ್ತಿದ್ದೇನೆ. ಹಿಂದಿನವರ ಹಾರ್ನು ಕೇಳಿ ಕಿವಿ ಕೆಟ್ಟಿತು.

"ಮೇಡಂ, ನಿಮ್ಮ ಪದ್ಧತಿಯಲ್ಲಿ ಬ್ರೇಕೇ ಒತ್ತಲ್ಲ ಅಂದಿದ್ರು" ಎಂದಳು ಪಾಪ.

"ಅದು ಗಂಡಸರಿಗೆ" ಎಂದೆ. ಬೇರೆ ಏನೂ ಹೊಳೆಯಲಿಲ್ಲ.

ಲಾಗ್ ಬುಕ್ಕಿನಲ್ಲಿ ಮೂವತ್ತನಾಲ್ಕು ಎಂದು ಬರೆಯಬೇಕಿತ್ತು. ಹನ್ನೆರಡು ಎಂದು ಬರೆದೆ. ಇದು ಸುಳ್ಳು.

ಅವಳು ಸೇರಿದ ದಿನ ನನ್ನ ಕಾಲು ಮರೆಯುವುದಿಲ್ಲ ಎಂಬ ಆ ಮಾತನ್ನು ಹೇಳಿದೆನೋ? ನೆನಪಿದೆ. ಹೇಳಲಿಲ್ಲ. ಸೀಟ್ ಬೆಲ್ಟ್ ಹಾಕಿಕೊಳ್ಳಿ ಎಂದಷ್ಟೇ ಹೇಳಿ ಕಿಟಕಿಯ ಕಡೆ ನೋಡಿದೆ.

ಏಪ್ರಿಲ್ 8, ಸೋಮವಾರ

ಹನ್ನೊಂದು ದಿನ ಬರೆದಿಲ್ಲ. ಬರೆಯುವಂಥದು ಎರಡು ಸಲ ಆಯಿತು. ಒಂದು ಮೆಟ್ಟಿಲ ಮೇಲೆ. ಸೊಸೆ ಹಿಂದೆ ಇದ್ದಳು, ಹಿಡಿದಳು. ಇನ್ನೊಂದು ಕಾರಿನಲ್ಲಿ, ಕೆಂಪು ಸಿಗ್ನಲ್ಲಿಗೆ ನಿಂತಿದ್ದಾಗ. ನಿಂತಿದ್ದಾಗ. ಹಸಿರು ಬರುವಷ್ಟರಲ್ಲಿ ನಾನೂ ಬಂದೆ. ಟೈಲರಿಗೆ ಗೊತ್ತೇ ಆಗಲಿಲ್ಲ.

ಮೊಮ್ಮಗಳಿಗೆ ಹದಿನೆಂಟು ತುಂಬಿದೆ. ಇವತ್ತು ಲರ್ನರ್ಸ್ ಲೈಸೆನ್ಸು ಬಂತು. ಐದು ವರ್ಷದವಳಿದ್ದಾಗಲೇ ಅಜ್ಜಿಯೇ ಕಲಿಸಬೇಕು ಎಂದು ಬುಕ್ ಮಾಡಿಸಿಕೊಂಡವಳು. ಮುಂದಿನ ಸೋಮವಾರ ಸಂಜೆ ಐದಕ್ಕೆ ಮೊದಲ ಕ್ಲಾಸು. ಲೈಸೆನ್ಸನ್ನು ನನ್ನ ಮಡಿಲಿಗೆ ಹಾಕಿ ಕುಣಿದಳು.

"ನಿಧಾನ. ರಸ್ತೆಗೆ ಹೆದರಬೇಕು" ಎಂದೆ.

"ನಾನ್ಯಾಕೆ ಹೆದರಲಿ ಅಜ್ಜಿ? ನಿನ್ನ ಕಾಲಿದೆಯಲ್ಲ."



ಏಪ್ರಿಲ್ 10, ಬುಧವಾರ

ಸೊಸೆ ಲಾಗ್ ಬುಕ್ ಹಿಡಿದುಕೊಂಡು ಬಂದಳು. ಬಾಗಿಲು ಮುಂದಕ್ಕೆಳೆದಳು. ನನ್ನ ಕೋಣೆಯಲ್ಲಿ ಅವಳು ಬಾಗಿಲು ಮುಚ್ಚಿದ್ದು ಇದೇ ಮೊದಲು.

"ಮಾರ್ಚ್ ಆರು. ಔಷಧಿ ಅಂಗಡಿಯವರದು. ಈ ಸೊನ್ನೆ ಹೇಗೆ ಬಂತು ಅತ್ತೆ?"

"ಅವನು ಚೆನ್ನಾಗಿ ಓಡಿಸಿದ. ಸೊನ್ನೆ."

"ಹಿಂದಿನ ಕ್ಲಾಸಲ್ಲಿ ಒಂಬತ್ತು ಸಲ ಒತ್ತಿದೀರಿ. ಎರಡೇ ದಿನಕ್ಕೆ ಸೊನ್ನೆನಾ? ಮಗು ಅಡ್ಡ ಬಂದ್ರೂ ಒತ್ತದೇ ಇರೋರು ನೀವಲ್ಲ. ಇಪ್ಪತ್ತು ವರ್ಷದಿಂದ ನೋಡ್ತಿದೀನಿ. ನಾಯಿಮರಿ ಕಂಡ್ರೂ ಒತ್ತೋರು ನೀವು."

"ಆಫೀಸು ನೋಡ್ಕೊ ಅಂದ್ರೆ ನನ್ನನ್ನ ನೋಡ್ಕೊ ಅಂತಲ್ಲ."

"ಎರಡು ವರ್ಷದಿಂದ ಆಫೀಸು ನೋಡ್ತಾನೇ ಇದೀನಿ. ನಾನು ಪಾಸಾಗಿ ತಗೊಂಡ ಕಲಿಸೋ ಲೈಸೆನ್ಸ್ ಕಾರ್ಡು ಡ್ರಾಯರಲ್ಲಿ ಕೊಳೀತಿದೆ." ದನಿ ಏರಿಸಲಿಲ್ಲ. "ನನಗೆ ಆ ಸೀಟು ಬೇಡ ಅತ್ತೆ. ಯಾವತ್ತೂ ಕೇಳಿಲ್ಲ. ಸೋಮವಾರ ಕೂರೋದು ನನ್ನ ಮಗಳು. ಅಷ್ಟೇ ಕೇಳ್ತಿದೀನಿ. ನಿಮ್ಮ ಕಾಲು ಒತ್ತುತ್ತಾ?"

ಆಚೆ ಹೋಗು ಎಂದೆ. ಹೋದಳು. ಪುಸ್ತಕವನ್ನು ಆ ಪುಟಕ್ಕೇ ತೆರೆದು ಮೇಜಿನ ಮೇಲಿಟ್ಟು ಹೋದಳು.

ಅವಳಿಗೆ ಯಾಕೆ ಕಲಿಸಲು ಬಿಡಲಿಲ್ಲ ಎಂದು ಈಗ ಯೋಚಿಸಿದರೆ, ಅವಳು ಚೆನ್ನಾಗಿ ಕಲಿಸುತ್ತಾಳೆಂದು ಗೊತ್ತಿತ್ತು. ಬೇರೆ ಕಾರಣ ಸಿಗುತ್ತಿಲ್ಲ.

ಏಪ್ರಿಲ್ 13, ಶನಿವಾರ. ಮಧ್ಯಾಹ್ನ 3

ಎಲ್ಲರೂ ಹೊರಗೆ ಹೋಗಿದ್ದರು. ಪಕ್ಕದ ಮನೆಯವಳನ್ನು ಕಾವಲಿಗೆ ಬಿಟ್ಟಿದ್ದರು, ಅವಳು ಸೋಫಾದಲ್ಲಿ ಬಾಯಿ ತೆರೆದು ಮಲಗಿದ್ದಳು. ಶೆಡ್ಡಿಗೆ ಹೋದೆ. ಎಂಜಿನ್ ಆಫ್. ನನ್ನ ಸೀಟಿನಲ್ಲಿ ಕೂತು ಬ್ರೇಕು ಒತ್ತಿದೆ. ಪೆಡಲಿನ ರಬ್ಬರು ನನ್ನ ಶೂ ಆಕಾರಕ್ಕೇ ಸವೆದಿದೆ. ಎಣಿಸಿ ನೂರು ಸಲ ಒತ್ತಿದೆ. ನೂರಕ್ಕೆ ನೂರೂ ಒತ್ತಿತು. ಒಂದೂ ತಪ್ಪಲಿಲ್ಲ.

ಖುಷಿಯಾಯಿತು. ಖಾಲಿ ಸೀಟಿನ ಕಡೆ ತಿರುಗಿ, ಮೊಮ್ಮಗಳು ಕೂತಿದ್ದಾಳೆ ಎಂದುಕೊಂಡು ಆ ಮಾತು ಹೇಳಲು ಹೋದೆ. "ನೀನು ಮರೆತರೂ—"

ಮುಂದಕ್ಕೆ ಬರಲಿಲ್ಲ. ಬಾಯಿ ಸರಿಯಿತ್ತು, ನಾಲಿಗೆ ಸರಿಯಿತ್ತು. ಮೈ ನಿಂತುಹೋಗುವ ಅದು ಈಗ ಬಂದಿರಲಿಲ್ಲ. ನನಗೇ ಹೇಳಲಾಗಲಿಲ್ಲ.

ಹಾಲಿನ ವ್ಯಾನಿನ ದಿನದ ಹಿಂದಿನ ಬೆಳಗ್ಗೆಯೂ ನೂರಕ್ಕೆ ನೂರೇ ಇತ್ತಲ್ಲ. ಆ ನೀಲಿ ಹೊದಿಕೆಯ ಕೆಳಗೆ ಮಗು ಮಲಗಿತ್ತೋ, ಎದ್ದಿತ್ತೋ. ನೋಡಲೇ ಇಲ್ಲ.

ಏಪ್ರಿಲ್ 15, ಸೋಮವಾರ. ಸಂಜೆ 6.40

ಆದದ್ದನ್ನು ಆದಂತೆ ಬರೆಯುತ್ತೇನೆ.

ಹತ್ತು ಗಂಟೆಗೆ ಲೈಸೆನ್ಸ್ ಆಫೀಸಿಗೆ ಹೋದೆ. ಸೊಸೆಗೆ "ನನ್ನ ಜೊತೆ ಬಾ" ಎಂದೆ. ಎಲ್ಲಿಗೆ ಎಂದು ಕೇಳದೆ ಚಪ್ಪಲಿ ಹಾಕಿಕೊಂಡಳು. ಕೌಂಟರಿನ ಗುಮಾಸ್ತ ನನ್ನ ಹಳೆ ಶಿಷ್ಯ, ರಿವರ್ಸಿನಲ್ಲಿ ಎರಡು ಕಂಬ ಬೀಳಿಸಿದವನು. ಎದ್ದು ನಿಂತ. "ರಿನ್ಯೂವಲ್ಲಾ ಮೇಡಂ?"

"ವಾಪಸು ಕೊಡೋಕೆ."

ಕಲಿಸುವ ಕಾರ್ಡನ್ನು ಕೌಂಟರಿನ ಮೇಲಿಟ್ಟೆ. ಅವನು ಫಾರಂ ಕೊಟ್ಟ. ಕಾರಣ ಎಂಬಲ್ಲಿ ಒಂದೇ ಸಾಲಿನ ಜಾಗ. ವಯಸ್ಸಾಯ್ತು ಅಂತ ಬರೀರಿ ಮೇಡಂ, ಎಲ್ಲರೂ ಹಾಗೇ ಬರೆಯೋದು ಎಂದ. 'ಕಾಲು ಮರೆಯುತ್ತದೆ' ಎಂದು ಬರೆದು ಸಹಿ ಹಾಕಿದೆ. ಸೊಸೆ ಓದಿದಳು. ಪೆನ್ನಿನ ಮುಚ್ಚಳ ಹಾಕಿ ನನ್ನ ಚೀಲದೊಳಗಿಟ್ಟಳು.

ಅಲ್ಲಿಂದ ಡಾಕ್ಟರ ಹತ್ತಿರ. ಈ ಸಲ ಇಬ್ಬರೂ ಒಳಗೆ. ನನ್ನ ಕೆಲಸ ಏನೆಂದು ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದಳು. ಮೊಮ್ಮಗಳ ವಯಸ್ಸಿನವಳ ಹತ್ತಿರ ಬೈಸಿಕೊಂಡೆ. ಚೆನ್ನಾಗಿಯೇ ಬೈದಳು. ಹೊಸ ಪರೀಕ್ಷೆಗೆ ದಿನ ಕೊಟ್ಟಳು. ಏನೆಂದು ಇನ್ನೂ ಗೊತ್ತಿಲ್ಲವಂತೆ.

ಔಷಧಿ ಅಂಗಡಿಗೂ ಹೋದೆ. "ಆ ದಿನ ನಿನ್ನ ಮೇಲೆ ಬಿಟ್ಟಿದ್ದಲ್ಲ. ನನ್ನ ಕೈಲಿ ಆಗಲಿಲ್ಲ" ಎಂದೆ. ಅವನು ಕತ್ತರಿಸುತ್ತಿದ್ದ ಮಾತ್ರೆಯ ಪಟ್ಟಿಯನ್ನು ಬದಿಗಿಟ್ಟ. "ಹಾಗಾದ್ರೆ ನಿಲ್ಲಿಸಿದ್ದು ನಾನೇನಾ ಮೇಡಂ?"

"ನೀನೇ."

"ಪೂರ್ತಿ ನಾನೇ?" ಎಂದ. ಮುಖ ಬೆಳಗಿತು, ಮರುಗಳಿಗೆಗೆ ಬಿಳಿಚಿತು. ಹೋಗಿ ಕುರ್ಚಿಯ ಮೇಲೆ ಕೂತ.

ಐದಕ್ಕೆ ಮೊಮ್ಮಗಳು ಸ್ಟೀರಿಂಗ್ ಹಿಡಿದು ಕೂತಿದ್ದಳು. ನನ್ನ ಬದಿಯ ಬಾಗಿಲು ತೆರೆದು, ಸೊಸೆಗೆ "ಕೂತ್ಕೊ" ಎಂದೆ. ಹಿಂದಿನ ಬಾಗಿಲು ತೆರೆದು ನಾನು ಕೂತೆ. ಸೊಸೆಯ ಕಾಲು ಗಿಡ್ಡ, ಸೀಟನ್ನು ಮುಂದಕ್ಕೆ ಎಳೆದುಕೊಂಡಳು. ಮೂವತ್ತೊಂದು ವರ್ಷ ಅಲ್ಲಾಡದ ಸೀಟು ಕರಕರ ಎಂದಿತು.

ಮೊಮ್ಮಗಳು ಕನ್ನಡಿಯಲ್ಲಿ ನನ್ನನ್ನು ನೋಡಿದಳು. ಅವಳಿಗೆ ಮಧ್ಯಾಹ್ನವೇ ಎಲ್ಲ ಹೇಳಿದ್ದೆ. ಅತ್ತಿದ್ದಳು. ಆದರೂ ಕೇಳಿದಳು, "ಆ ಮಾತು ಯಾರೂ ಹೇಳಲ್ವಾ?"

ಸೊಸೆ ಬೆಲ್ಟ್ ಹಾಕಿಕೊಂಡು, "ನೋಡು, ನಾನೂ ಮರೀಬಹುದು. ರಸ್ತೆ ನೋಡ್ಕೊಂಡು ಓಡ್ಸು" ಎಂದಳು.

ಮೊಮ್ಮಗಳ ಭುಜ ಇಳಿಯಲಿಲ್ಲ. ಬೆನ್ನು ನೆಟ್ಟಗಾಯಿತು. ಎರಡೂ ಕನ್ನಡಿ ನೋಡಿದಳು. ಆಮೇಲೆ ಕೀಲಿ ತಿರುಗಿಸಿದಳು.

ಈಗ ಲಾಗ್ ಬುಕ್ ನನ್ನ ಮುಂದಿದೆ. 'ನನ್ನ ಬ್ರೇಕು' ಎಂಬುದನ್ನು ಗೀಟು ಹಾಕಿ ಹೊಡೆದು, ಮೇಲೆ 'ಅವಳ ಬ್ರೇಕು' ಎಂದು ಬರೆದೆ. ಅಡುಗೆಮನೆಯ ಕಡೆ ಕೂಗಿ ಎಷ್ಟು ಸಲ ಎಂದು ಕೇಳಿದೆ.

"ಏಳು, ಅತ್ತೆ."

ಏಳು ಎಂದು ಬರೆದೆ. ಹಿಂದೆ ಕೂತು, ಬರೀ ಮ್ಯಾಟಿನ ಮೇಲೆ, ನಾನು ಒತ್ತಿದ್ದಕ್ಕೆ ಕಾಲಂ ಇಲ್ಲ.