ಪುಸ್ತಕದ ಮರೆಯ ದಾಳ

ಅಪ್ಪಾ,

ಹಾಸ್ಟೆಲ್ ಓಕೆ. ಇಂಟರ್ನಲ್ಸ್ ಸುಮಾರು.

ಪುಟ್ಟಿಯ ಜೊತೆ ವಿಡಿಯೋ ಕಾಲ್‌ನಲ್ಲಿ ಆಡುವ ಆಟ ಗೊತ್ತಲ್ಲ? ಕಥೆ ನಾನು ಹೇಳುತ್ತೇನೆ, ಅವಳು ಯೋಧೆ, ಬದುಕುವುದು ಸಾಯುವುದು ದಾಳ ಬಿದ್ದಂತೆ. ಅವಳಿಗೆ ಆಸ್ಪತ್ರೆ ಓಡಾಟ ಶುರುವಾದ ಮೇಲೆ ನಾನು ದಾಳವನ್ನು ಪುಸ್ತಕದ ಮರೆಯಲ್ಲಿ ಉರುಳಿಸಿ, ಏನೇ ಬಿದ್ದರೂ ಅವಳನ್ನೇ ಗೆಲ್ಲಿಸುತ್ತಿದ್ದೆ.

ಮೊನ್ನೆ ಕಂಡುಹಿಡಿದಳು. "ಒಂದ್ ಸಲಾನೂ ಸೋತಿಲ್ಲ ಅಂದ್ರೆ ಮೋಸಾನೇ ಅಣ್ಣ. ಆ ಪುಸ್ತಕ ತೆಗಿ."

ತೆಗೆದೆ. ಮೂರನೇ ಸುತ್ತಿನಲ್ಲೇ ಅವಳ ಯೋಧೆ ಸತ್ತಳು.

ಪುಟ್ಟಿ ಅಳಲಿಲ್ಲ. "ಈಗ ನನ್ನ ರಿಪೋರ್ಟಲ್ಲಿ ಏನಿದೆ ಹೇಳು. ಅಪ್ಪ ಬರೀ ನಾರ್ಮಲ್ ಅಂತಾರೆ" ಅಂದಳು. ನೆಟ್‌ವರ್ಕ್ ಇಲ್ಲ ಎಂದು ಸುಳ್ಳು ಹೇಳಿ ಕಟ್ ಮಾಡಿದೆ.

ಶನಿವಾರ ಬರುತ್ತೇನೆ. ಬೀರುವಿನಲ್ಲಿ ಬಚ್ಚಿಟ್ಟ ರಿಪೋರ್ಟನ್ನು ದಯವಿಟ್ಟು ಹೊರಗೆ ತೆಗೆದಿಡಿ. ನೀವು ಓದಿ ಹೇಳುವಾಗ ನಾನು ಅವಳ ಪಕ್ಕದಲ್ಲಿ ಕೂತಿರುತ್ತೇನೆ.

ನಿಮ್ಮ ಮಗ