ಬೋನಾಳದ ಹತ್ತು ಕಂಪ್ಯೂಟರ್‌ಗಳು

ಗುರುವಾರ, ಜುಲೈ ೧೦, ಶಹಾಪುರ

ಬೋನಾಳ ಗ್ರಂಥಾಲಯದ ಕಂಪ್ಯೂಟರ್‌ಗಳು ಕೆಡಲಿ ಎಂದು ಎಷ್ಟೋ ದಿನದಿಂದ ಆಸೆಪಡುತ್ತಿದ್ದೇನೆ. ಯಾರಿಗೂ ಹೇಳಿರಲಿಲ್ಲ. ನಾನು ಶಾಲೆ ಬಿಟ್ಟಾಗಿನಿಂದ ಅವ್ವ ನನ್ನನ್ನು ಕೆಲಸದ ಕಂಪ್ಯೂಟರ್ ಅಂಗಡಿಗೆ, ಅಲ್ಲಿಂದ ರಿಪೇರಿಗೆ ಮಾತ್ರ ಹೊರಗೆ ಕಳಿಸುತ್ತಾಳೆ.

ಬೋನಾಳದ ಹತ್ತಕ್ಕೂ ಬೇರೆ ಬೇರೆ ಡಿಸ್ಕ್ ಹಾಕಬೇಕೋ, ಡಿಸ್ಕೇ ಇಲ್ಲದೆ ಎಲ್ಲವೂ ವೈರಿನ ಮೂಲಕ ಒಂದೇ ಸರ್ವರ್‌ನಿಂದ ಶುರುವಾಗಬೇಕೋ? ಇವತ್ತು ಬೆಳಿಗ್ಗೆ ಅಂಗಡಿ ನಡೆಸುವ ಕಾಂತೇಶಣ್ಣ ಕೇಳಿದಾಗ ಡಿಸ್ಕೇ ಇರಲಿ ಅಂದೆ. ಸರ್ವರ್ ನಿಂತರೆ ಹತ್ತೂ ನಿಲ್ಲುತ್ತವೆ ಎಂದು ನೆಪ ಹೇಳಿದೆ. ಇನ್ನೊಂದು ಸರ್ವರ್ ಜೊತೆಗಿಟ್ಟರೆ ಆ ಭಯವಿಲ್ಲವೆಂದು ನನಗೆ ಗೊತ್ತಿತ್ತು. ಡಿಸ್ಕಾದರೆ ಹುಡುಗರು ಏನೇನೋ ಅಳಿಸಿ ಒಂದಲ್ಲ ಒಂದು ಕೆಡುತ್ತಲೇ ಇರುತ್ತದೆ. ಅದರ ಮುಂದೆ ಕೂತವರು ಅರ್ಜಿ ತುಂಬದೆ ಮನೆಗೆ ಹೋಗುತ್ತಾರೆ. ನಾನು ಬಸ್ಸು ಹತ್ತುತ್ತೇನೆ.

ಮಧ್ಯಾಹ್ನ ರೊಟ್ಟಿ ತಿನ್ನುವಾಗ ಅರ್ಜಿ ತುಂಬದೆ ಹೋಗುವವರೇ ನೆನಪಾದರು. ಸಂಜೆ ಹೇಳಿಬಿಟ್ಟೆ.

"ಅಣ್ಣಾ, ಸರ್ವರ್ರೇ ಚಲೋರಿ."

"ಮುಂಜಾನಿ ಬ್ಯಾರೆ ಅಂದಿದ್ದಿಯಲ್ಲವಾ?"

"ನನಗ ತಿರುಗಾಡಾಕ ಬೇಕಾಗಿತ್ತು, ಅದಕ್ಕ ಅಂದೆರಿ."

ಅವನು ಜೋರಾಗಿ ನಕ್ಕ. "ಇನ್ನ ಎಲ್ಲಾ ಇಲ್ಲೇ ಕುಂತು ನೆಟ್ ಮ್ಯಾಲೆ ಸರಿ ಮಾಡಬಹುದು. ನಿನ್ನ ಕಾಲಿಗೆ ನೀನ ಹಗ್ಗ ಕಟ್ಕೊಂಡಿ ನೋಡು, ತಂಗಿ!"

ನನಗೆ ನಗು ಬರಲಿಲ್ಲ. ರಾತ್ರಿ ಮನೆಯಲ್ಲಿ, ಬೋನಾಳಕ್ಕೆ ನಾಳೆ ಹೋಗುವುದೇ ಕೊನೆಯ ಸಲ ಅಂದಾಗ ಅವ್ವನ ಮುಖ ಅರಳಿತು. ಅಂಗಡಿಯಲ್ಲಿ ಸುಮ್ಮನಿದ್ದಿದ್ದರೆ...

ನಾಳೆ ಬೆಳಿಗ್ಗೆ ಎರಡೂ ಸರ್ವರ್ ತೆಗೆದುಕೊಂಡು ಬೋನಾಳಕ್ಕೆ ಹೊರಡುತ್ತೇನೆ.