ಆರು ಶನಿವಾರ

ಜನವರಿ 4, ಶನಿವಾರ
ಮತ್ತೆ ಬಿಸಿನೀರಿನ ಬ್ಯಾಗು, ಮತ್ತೆ ಮಾತ್ರೆ. ಸೊಂಟನೋವಿಗೆ ಹದಿನಾಲ್ಕು ತಿಂಗಳು. ನನ್ನ ಮಗಳು ಇಂಪನಾಗೂ ಅಷ್ಟೇ. ಹೆರಿಗೆಯಿಂದಲೇ ಶುರು.

ಪುಣೆಯ ಶಿವಾಜಿನಗರದ ನೋವಿನ ಗುಂಪಿಗೆ ಸೇರಿದೆ. ಹನ್ನೊಂದು ಜನ, ಎಲ್ಲ ಹಳೇ ನೋವಿನವರು. ಆರು ಶನಿವಾರ ಕ್ಲಾಸು. ಫಿಸಿಯೋ ಮನೋಹರ್ ಸರ್ ಹೇಳಿಕೊಡೋದು ಬರೀ ಮರಾಠಿಯಲ್ಲಿ. ಈ ಊರಿಗೆ ಬಂದು ನಾಲ್ಕು ವರ್ಷವಾದರೂ ನನಗೆ ಮರಾಠಿ ಬರಲ್ಲ, ಇಂಗ್ಲಿಷಲ್ಲಿ ಹೇಳಿ ಅನ್ನೋಕೆ ನಾಚಿಕೆ. ಪಕ್ಕದಲ್ಲಿ ಸಾಬವ್ವ — ಯಾದಗಿರಿಯವರು, ಕಾತ್ರಜದ ಕಡೆ ಬಿಲ್ಡಿಂಗ್ ಕೆಲಸ, ಭುಜನೋವು. ನಾನು ಪೆದ್ದುಪೆದ್ದಾಗಿ ತಲೆ ಆಡಿಸೋದು ನೋಡಿ ಕಿವಿಯಲ್ಲಿ ಕನ್ನಡ ಮಾಡಿ ಹೇಳಿದರು. "ಆರು ವಾರ ತಪ್ಪದ ಬಂದ್ರ ನೋವು ಹೋಗ್ತದಂತ್ರಿ."

ಅಷ್ಟು ಸಾಕು. ನೋವು ಹೋದ ದಿನ ಮಗೂನ ಎತ್ಕೋತೀನಿ. ಮೂರು ತಿಂಗಳ ಕೂಸಿದ್ದಾಗ ಎತ್ತಕ್ಕೆ ಹೋಗಿ, ಸೊಂಟ ಹಿಡ್ಕೊಂಡು, ಕೈ ಜಾರಿತ್ತು. ಹಾಸಿಗೆ ಮೇಲೆ ಬಿದ್ದಳು, ಏನೂ ಆಗಲಿಲ್ಲ. ಆಮೇಲೆ ಎತ್ತಿಲ್ಲ. ಎಲ್ಲಾ ಅಮೋಘನೇ. ಒಳ್ಳೇ ಗಂಡ, ಅದೂ ಒಂದು ಕಿರಿಕಿರಿ.

ಜನವರಿ 11
ಇವತ್ತಿನ ಪಾಠ — ನೋವು ನಮ್ಮನ್ನ ಕೂರಿಸೋ ಮೊದಲು ನಾವೇ ಕೂರಬೇಕು. ಸಾಬವ್ವ ಈಗ ಮರಳಿನ ಬುಟ್ಟಿ ಅರ್ಧವೇ ತುಂಬ್ತಾರಂತೆ. ಮುಕಾದಮ, ಅಂದರೆ ಅವರ ಮೇಸ್ತ್ರಿ, ಬೈತಾನಂತೆ. "ಒದರ್ಲಿ ಬಿಡ್ರಿ."

ಇಂಪನಾ ಮೊದಲ ಸಲ ನಡೆದಳು. ನನ್ನ ದಾಟಿಕೊಂಡು ಹೋಗಿ ಅವರಪ್ಪನಿಗೆ ಕೈ ಚಾಚಿದಳು. ಹೊಟ್ಟೆ ಉರೀತು.

ಜನವರಿ 25
ಧೈರ್ಯ ಮಾಡಿ ಇಂಗ್ಲಿಷಲ್ಲೇ ಕೇಳಿದೆ. ಸರ್, ಇನ್ನು ಎರಡು ವಾರಕ್ಕೆ ನೋವು ಹೋಗುತ್ತೆ ಅಲ್ವಾ?

ಅವರಿಗೆ ಗಾಬರಿ. ಇಂಗ್ಲಿಷಲ್ಲೇ, ಹೋಗದೇನೂ ಇರಬಹುದು, ಮೊದಲ ದಿನವೇ ಹೇಳಿದೆನಲ್ಲ, ಇದು ನೋವಿನ ಜೊತೆ ಚೆನ್ನಾಗಿ ಬದುಕೋದು ಕಲಿಯೋ ಕ್ಲಾಸು ಅಂದರು.

ಸಾಬವ್ವ ಚಾಪೆ ಸುತ್ತುತ್ತಾ ಇದ್ದರು. ತಲೆ ಎತ್ತಲಿಲ್ಲ. ಮಾತಾಡಿಸದೆ ಆಟೋ ಹತ್ತಿದೆ.

ಫೆಬ್ರವರಿ 8
ಹೋದ ವಾರ ಹೋಗಲಿಲ್ಲ. ಇವತ್ತು ಹೋಗಿದ್ದು ಜಗಳಕ್ಕೆ. ಯಾಕ್ರೀ ಸಾಬವ್ವ, ಸುಳ್ಳು ಹೇಳಿದ್ರಿ ಅಂದೆ.

"ಖರೇ ಹೇಳಿದ್ರ ಎರಡನೇ ವಾರ ಬರ್ತಿದ್ರೇನ್ರಿ ಮೇಡಂ?"

ಬರ್ತಿರಲಿಲ್ಲ, ನಿಜ.

"ನಂದೂ ಹೋಗಿಲ್ರಿ. ಅದಕ್ಕಂತ ಮೊಮ್ಮಗನ್ನ ಎತ್ಕೊಳ್ಳೋದು ಬಿಟ್ಟಿಲ್ಲ. ಕುಂತು ಎತ್ಕೋತೀನ್ರಿ. ಅವನೇ ಹತ್ತತಾನ."

ಸಿಟ್ಟು ಇನ್ನೂ ಇದೆ. ಸುಳ್ಳು ಸುಳ್ಳೇ. ಕೂತು ಎತ್ಕೋಬಹುದು ಅಂತ ನನಗ್ಯಾಕೆ ಹೊಳೀಲಿಲ್ಲ... ಹೊಳೆದಿತ್ತು. ಭಯ.

ಫೆಬ್ರವರಿ 9, ಬೆಳಿಗ್ಗೆ 10
ನೋವಿದೆ. ಗೋಡೆಗೆ ಒರಗಿ ನೆಲದ ಮೇಲೆ ಕೂತೆ. ಕರೆದೆ. ಇಂಪನಾ ಅಮೋಘನ ಮುಖ ನೋಡಿದಳು. ಅವನು ಎದ್ದು ಅಡುಗೆಮನೆಗೆ ಹೋದ, ಪುಣ್ಯಾತ್ಮ. ಬಹಳ ಹೊತ್ತು ಅಲ್ಲೇ ನಿಂತಿದ್ದಳು. ಆಮೇಲೆ ಬಂದಳು. ತಾನೇ ಹತ್ತಿದಳು.

ತೊಡೆ ಮೇಲೇ ಇದ್ದಾಳೆ. ಒಂಬತ್ತೂವರೆ ಕೇಜಿ ಅಂತ ಅಮೋಘ ಹೇಳ್ತಿದ್ದ. ನನಗೆ ಇವತ್ತು ಗೊತ್ತಾಯ್ತು. ಈಗ ಪೆನ್ನು ಬೇಕಂತೆ, ಎಳೀತಾ—